ಗಾಡಿ ಯಾರ ಹೆಸರಿಲೆ ಐತಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳದ ಸುತ್ತಿನ ರಸ್ತೆಗಳು ನಮ್ಮವಾಗಿ ಉಳಿಯುವುದಿಲ್ಲ. ಮುಂದೆ ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಅದರ ಮೇಲೆ ಎರಡಾಳೆತ್ತರ ಕಬ್ಬು, ಜೊತೆಗೆ ಕಿವಿ ಹರಿಯುವ ಹಾಡು. ನಾನು ಹೆಡ್ ಕಾನ್‌ಸ್ಟೇಬಲ್. ಸಿಟ್ಟಿನ ಹೆಂಗಸು ಎಂದು ಠಾಣೆಯಲ್ಲಿ ಹೆಸರು ಮಾಡಿದ್ದೇನೆ, ಆ ಹೆಸರು ಸುಳ್ಳೇನಲ್ಲ. ಹಂಗಾಮಿನಲ್ಲಿ ಅದು ಇನ್ನಷ್ಟು ನಿಜವಾಗುತ್ತದೆ.

ಆ ಸಲ ಹಂಗಾಮಿನ ನಡುವೆ ನಮ್ಮ ಸಾಹೇಬರು, ಅಂದರೆ ಠಾಣೆಯ ಪಿಎಸ್‌ಐ, ನನ್ನನ್ನು ಕರೆದು ಒಂದು ಅರ್ಜಿ ಕೈಗಿಟ್ಟರು. ಬರೆದವರು ಒಂದು ಶಾಲೆಯ ಮುಖ್ಯಾಧ್ಯಾಪಕಿ. ರನ್ನ ಬೆಳಗಲಿ ರಸ್ತೆಯಲ್ಲಿ ಕಾಲುವೆಯ ಸೇತುವೆ ಹತ್ತಿರ ಅವರ ಬಸ್ಸಿನಿಂದ ಹದಿನಾಲ್ಕು ಮಕ್ಕಳು ಇಳಿಯುತ್ತಾರೆ. ತೋಟದ ಮನೆಗಳೆಲ್ಲ ರಸ್ತೆಯ ಆಚೆ ಬದಿಗಿವೆ. ಬಸ್ಸು ನಿಂತಿದ್ದರೂ ಟ್ರ್ಯಾಕ್ಟರುಗಳು ನಿಲ್ಲದೆ ದಾಟಿ ಹೋಗುತ್ತವೆ. ಹಿಂದಿನ ವಾರ ಟ್ರೇಲರಿನಿಂದ ಚಾಚಿಕೊಂಡಿದ್ದ ಕಬ್ಬಿನ ಗಳ ಬಡಿದು ಎರಡನೆಯ ತರಗತಿಯ ಹುಡುಗಿಯೊಬ್ಬಳು ಬಿದ್ದು ಗದ್ದ ಒಡೆದುಕೊಂಡಿದ್ದಳು. ತಿಂಗಳ ಕೊನೆಯೊಳಗೆ ಇದು ಸರಿಯಾಗದಿದ್ದರೆ ಆ ಜಾಗದಲ್ಲಿ ಬಸ್ಸು ನಿಲ್ಲಿಸುವುದನ್ನು ಬಿಡುತ್ತೇವೆ, ಮಕ್ಕಳನ್ನು ಪಾಲಕರೇ ಕರೆದೊಯ್ಯಬೇಕು ಎಂದು ಕೊನೆಗೆ ಬರೆದಿದ್ದರು.

ಆಮೇಲೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಂಡುಮಕ್ಕಳನ್ನು ಹೇಗೋ ಬೈಕಿನ ಮೇಲೆ ಕರೆತರುತ್ತಾರೆ. ಹೆಣ್ಣುಮಕ್ಕಳಿಗೆ ಬಂದಾಗ, "ದಿನಾ ಯಾರು ಹೋಗಬೇಕ್ರಿ, ಮನ್ಯಾಗ ಇರಲಿ" ಎನ್ನುತ್ತಾರೆ. ಆ ಹದಿನಾಲ್ಕರಲ್ಲಿ ಒಂಬತ್ತು ಹುಡುಗಿಯರು.

"ಅಕ್ಕಾರ, ಒಂದ್ ನಾಕ್ ದಿವ್ಸ ನಿಂತು ನಾಕ್ ಕೇಸ್ ಹಾಕ್ರಿ. ಅರ್ಜಿಗೆ ಉತ್ತರ ಬರ್ಯಾಕ ಆಗತೈತಿ," ಎಂದರು ಸಾಹೇಬರು. ಅವರಿಗೆ ಬೇಕಾದದ್ದು ಉತ್ತರ. ನನಗೆ ಅಲ್ಲಿಂದಲೇ ತಲೆ ಬಿಸಿಯಾಯಿತು.

ದಂಡ ಹಾಕುವ ಯಂತ್ರ ತೆರೆದು ನೋಡಿದೆ. ಹೆಲ್ಮೆಟ್ ಇಲ್ಲದ್ದು, ಮೂವರು ಕೂತದ್ದು, ಫೋನ್ ಹಿಡಿದು ಓಡಿಸಿದ್ದು, ಎಲ್ಲ ಪಟ್ಟಿಯಲ್ಲಿದ್ದವು. ನಿಂತ ಶಾಲಾ ಬಸ್ಸು ದಾಟಿದ್ದು ಮಾತ್ರ ಎಲ್ಲೂ ಇರಲಿಲ್ಲ. ಅದನ್ನು ಅಪಾಯಕಾರಿ ಚಾಲನೆ ಎಂದೇ ಬರೆಯಬೇಕು. ಹಾಗೆ ಬರೆದರೆ ನೋಡಿದೆ ಎಂದರೆ ಸಾಲದು, ಫೋಟೋ ಬೇಕು.

ಮೊದಲ ದಿನ ಯೂನಿಫಾರ್ಮಿನಲ್ಲೇ ಸೇತುವೆ ಹತ್ತಿರ ನಿಂತೆ. ಎಲ್ಲರೂ ನಿಂತರು. ಕೆಲವರು ಕೈ ಮುಗಿದರು, ಒಬ್ಬನಂತೂ ಇಳಿದು ಬಂದು ಮಕ್ಕಳಿಗೆ ರಸ್ತೆ ದಾಟಿಸಿದ. ಆ ನಾಟಕ ನೋಡಿಯೇ ನನಗೆ ತಿಳಿದುಹೋಯಿತು. ನಾನು ಬಂದ ಸುದ್ದಿ ಹಿಂದಿನ ಊರಿನಿಂದಲೇ ಫೋನಿನಲ್ಲಿ ಮುಂದೆ ಹೋಗಿತ್ತು. ಮರುದಿನ ನಾನು ಹೋಗಲಿಲ್ಲ. ಬಸ್ಸಿನ ಡ್ರೈವರಣ್ಣ ಸಂಜೆ ಫೋನ್ ಮಾಡಿ, "ಅಕ್ಕಾರ, ಇವತ್ತ ಮತ್ತ ಅದ ಹಾಡು," ಎಂದ.

ಆಮೇಲೆ ಸೀರೆಯುಟ್ಟು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ. ಹಿಂದಿನ ಗಾಜಿನಿಂದ ಫೋನಿನಲ್ಲಿ ಫೋಟೋ ಹೊಡೆದೆ. ಮೂರು ದಿನ ಹೊಡೆದು ಸಾಹೇಬರ ಮುಂದೆ ಇಟ್ಟರೆ ಅವರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು.

"ಟ್ರ್ಯಾಕ್ಟರ್ ಹೊಂಟಿದ್ದು ಐತಿ, ಖರೆ. ಬಸ್ ನಿಂತಿತ್ತು ಅನ್ನೂದು ಇದರಾಗ ಎಲ್ಲೈತ್ರಿ?"

ಬಸ್ಸಿನೊಳಗೆ ಕೂತು ಬಸ್ಸಿನ ಫೋಟೋ ಹೊಡೆಯಲು ಹೋದವಳು ನಾನು. ಸಾಹೇಬರ ಮೇಲೆ ಸಿಟ್ಟು ಬಂತು, ಅವರು ಹೇಳಿದ್ದು ಸರಿಯಿತ್ತಲ್ಲ ಎಂದು ಇನ್ನೂ ಹೆಚ್ಚು ಬಂತು.

ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕೆಂಪು ತಗಡಿನ ಬೋರ್ಡು ಮಾಡಿಸಿದೆವು. 'ಮಕ್ಕಳು ಇಳಿಯುತ್ತಿದ್ದಾರೆ, ನಿಲ್ಲಿಸಿ' ಎಂದು ಬರೆಸಿ ಬಸ್ಸಿನ ಪಕ್ಕಕ್ಕೆ ಬಾಗಿಲಿನ ಕೀಲು ಹಾಕಿ ಕೂರಿಸಿದೆವು. ಡ್ರೈವರಣ್ಣ ಹಗ್ಗ ಎಳೆದರೆ ಅದು ರಸ್ತೆಯ ಕಡೆಗೆ ತೆರೆದುಕೊಳ್ಳಬೇಕು. ಎರಡು ದಿನ ತೆರೆದುಕೊಂಡಿತು. ಮೂರನೆಯ ದಿನ ಒಂದು ಟ್ರೇಲರಿನ ಕಬ್ಬು ಅದನ್ನು ಕೀಲಿನ ಸಮೇತ ಕಿತ್ತುಕೊಂಡು ಹೋಯಿತು. ಡ್ರೈವರಣ್ಣ ಓಡಿಹೋಗಿ ಅದನ್ನು ಎತ್ತಿಕೊಂಡು ಬಂದ.

"ನಿಮ್ಮ ಬೋರ್ಡ್ ಫ್ಯಾಕ್ಟರಿಗೆ ನುರಸಾಕ ಹೊಂಟಿತ್ರಿ ಅಕ್ಕಾರ."

ಮಕ್ಕಳು ನಕ್ಕರು. ನಾನು ನಗಲಿಲ್ಲ.

ಕೊನೆಗೆ ಸರಿಹೋದದ್ದು ಸಾದಾ ಉಪಾಯ. ಸೇತುವೆಯ ಕಟ್ಟೆಯ ಮೇಲೆ ಕಾಯಿಪಲ್ಲೆ ಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವಳಂತೆ ಕೂತೆ. ಚೀಲಕ್ಕೆ ಆನಿಸಿದ ಫೋನು ತಾನೇ ವಿಡಿಯೋ ತೆಗೆಯುತ್ತಿತ್ತು. ನಿಂತ ಬಸ್ಸು, ಮಿನುಗುವ ದೀಪ, ಮೆಟ್ಟಿಲ ಮೇಲೆ ಕಾಲಿಟ್ಟ ಮಗು, ಪಕ್ಕದಲ್ಲಿ ದಾಟುವ ಗಾಡಿ, ಅದರ ನಂಬರು, ಎಲ್ಲ ಒಂದೇ ಚಿತ್ರದಲ್ಲಿ ಸಿಕ್ಕವು. ಒಂದು ಕೆಂಪು ಟ್ರ್ಯಾಕ್ಟರು ನಾಲ್ಕು ದಿನದಲ್ಲಿ ಮೂರು ಸಲ ಸಿಕ್ಕಿತು. ಸಿಕ್ಕ ಗಾಡಿಗಳದೆಲ್ಲ ನಂಬರು ಹಾಕಿ ಮಾಲೀಕರ ಹೆಸರು ವಿಳಾಸ ತೆಗೆದೆ, ನೋಟೀಸು ಬರೆದೆ, ಅಂಚೆಗೆ ಹಾಕಿದೆ. ಆ ಸಂಜೆ ಮನೆಗೆ ಹೋಗಿ ಬಹಳ ದಿನದ ಮೇಲೆ ನಿಶ್ಚಿಂತೆಯಿಂದ ಚಹಾ ಕುಡಿದೆ.

ಆ ನಿಶ್ಚಿಂತೆ ಒಂದು ವಾರವೂ ಬಾಳಲಿಲ್ಲ. ಒಂದು ನೋಟೀಸು 'ವಿಳಾಸದಾರರು ಮರಣ ಹೊಂದಿದ್ದಾರೆ' ಎಂದು ಬರೆಸಿಕೊಂಡು ವಾಪಸು ಬಂತು. ಇನ್ನೊಂದರ ಮಾಲೀಕರು ಹಾಸಿಗೆ ಹಿಡಿದ ಮುದುಕರು. ಉಳಿದವೆಲ್ಲ ಹೆಂಗಸರ ಹೆಸರಿನವು, ಅದರಲ್ಲೂ ಮುದುಕಿಯರವು. ನಮ್ಮ ಕಡೆಯ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಹೊಲದ ಉತಾರ, ಅಂದರೆ ಪಹಣಿ, ಯಾರ ಹೆಸರಿಗಿದೆಯೋ ಟ್ರ್ಯಾಕ್ಟರಿನ ಸಾಲವೂ ಅವರ ಹೆಸರಿಗೆ, ಟ್ರ್ಯಾಕ್ಟರೂ ಅವರ ಹೆಸರಿಗೆ. ಉತಾರವನ್ನು ಮಕ್ಕಳ ಹೆಸರಿಗೆ ಮಾಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ, ಹೋದರೆ ಅಣ್ಣತಮ್ಮಂದಿರ ಜಗಳ ಶುರುವಾಗುತ್ತದೆ. ಹೀಗಾಗಿ ನನ್ನ ಕಾಗದದ ಪ್ರಕಾರ ರನ್ನ ಬೆಳಗಲಿ ರಸ್ತೆಯಲ್ಲಿ ಹಾಡು ಹಚ್ಚಿಕೊಂಡು ಕಬ್ಬು ಹೊಡೆಯುತ್ತಿದ್ದವರೆಲ್ಲ ಎಪ್ಪತ್ತು ದಾಟಿದ ಮುದುಕಿಯರೇ ಆಗಿದ್ದರು. ಠಾಣೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಕೆಂಪು ಟ್ರ್ಯಾಕ್ಟರಿನವನು ನೋಟೀಸು ಹಿಡಿದು ಖುದ್ದಾಗಿ ಠಾಣೆಗೆ ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಕೂರು ಎನ್ನುವ ಮೊದಲೇ ಕೂತ.

"ಏನ್ ಮೇಡಂ, ನಮ್ಮವ್ವಗ ನೋಟೀಸ್ ಕಳಿಸೀರಿ. ಎಂಬತ್ತರ ಮುದಿಕಿ ಟ್ರ್ಯಾಕ್ಟರ್ ಹೊಡದಾಳಂತ ಬರದೀರಿ. ಓದಿದವ್ರು ನೀವು."

"ಹೊಡದಿದ್ದು ನೀವು. ಫೋಟೋದಾಗ ನೀವ ಅದೀರಿ."

"ಇರಬಹುದು. ಮತ್ತೇನ್ ಮಾಡ್ಬೇಕು? ಅದು ಏರು. ಲೋಡ್ ಗಾಡಿ ಏರಿನ್ಯಾಗ ನಿಂದರ್ಸಿದ್ರ ಮತ್ತ ಏಳಂಗಿಲ್ಲ, ಮುಂದಿನ ಗಾಲಿ ಎತ್ತತೈತಿ. ಬಂದು ನೀವ್ ದಬ್ಬತೀರೇನ್?"

"ಮಕ್ಕಳು ಇಳೀತಾವು ಅಲ್ಲಿ."

"ನಾ ನೋಡ್ಕೊಂಡ ಹೊಡೀತೀನ್ರಿ. ಇಪ್ಪತ್ತ ವರ್ಷ ಆತು ಸ್ಟೇರಿಂಗ್ ಹಿಡದು." ನೋಟೀಸನ್ನು ಮಡಚಿ ನನ್ನ ಮೇಜಿನ ಮೇಲೆ ಇಟ್ಟ. "ಟ್ರ್ಯಾಕ್ಟರ್ ನನ್ನ ಹೆಸರಿಲೆ ಇಲ್ಲ. ಯಾರ ಹೆಸರಿಲೆ ಐತಿ, ಅವರನ್ನ ಕೇಳ್ರಿ."

ನಗುತ್ತಾ ಎದ್ದುಹೋದ. ಅವನು ಬಾಗಿಲು ದಾಟುವ ಮೊದಲೇ ಸಾಹೇಬರ ಫೋನು ಬಡಿದುಕೊಂಡಿತು. ಒಬ್ಬ ದೊಡ್ಡವರು. ಅವರದು ಮುಗಿದ ಮೇಲೆ ಇನ್ನೊಬ್ಬರು. ಎರಡೂ ಫೋನು ಇಟ್ಟ ಮೇಲೆ ಸಾಹೇಬರು ನನ್ನ ಮುಖ ನೋಡದೆ, "ಹಂಗಾಮು ಮುಗೀಲಿ ಬಿಡ್ರಿ ಅಕ್ಕಾರ," ಎಂದರು. ಹಂಗಾಮು ಮುಗಿಯಲು ಎರಡು ತಿಂಗಳಿತ್ತು. ಮುಖ್ಯಾಧ್ಯಾಪಕಿಯ ಗಡುವಿಗೆ ಉಳಿದದ್ದು ಐದು ದಿನ.

ಆ ರಾತ್ರಿ ಅವನ ನಗು ನನ್ನನ್ನು ಮಲಗಗೊಡಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಥಟ್ಟನೆ ಹೊಳೆಯಿತು. ಅವನೇ ಹೇಳಿದ್ದಾನಲ್ಲ, ಯಾರ ಹೆಸರಿಗಿದೆಯೋ ಅವರನ್ನು ಕೇಳು ಎಂದು. ಹಾಗಾದರೆ ಕೇಳಿಯೇ ಬಿಡೋಣ. ಅಂಚೆಯಲ್ಲಿ ಹೋದ ನೋಟೀಸನ್ನು ಮಕ್ಕಳು ದಾರಿಯಲ್ಲೇ ಇಸಿದುಕೊಳ್ಳುತ್ತಾರೆ, ಮುದುಕಿಯರಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ. ಈ ಸಲ ಕಾಗದವನ್ನು ಮಾಲೀಕರ ಕೈಗೇ ಕೊಟ್ಟು, ಓದಿ ಹೇಳಿ, ಫೋಟೋ ತೋರಿಸಿ ಬರಬೇಕು. ಮರ್ಯಾದಸ್ಥರ ಮನೆಯ ಬಾಗಿಲಿಗೆ, ಅದೂ ಮುದುಕಿಯನ್ನು ಕೇಳಿಕೊಂಡು ಯೂನಿಫಾರ್ಮು ಹೋಗುವುದು ನಮ್ಮ ಕಡೆ ಸಣ್ಣ ಮಾತಲ್ಲ. ಸಾಹೇಬರು ಬೇಡವೆಂದರು. "ಕಾಯ್ದೆದಾಗ ಹಂಗ ಐತ್ರಿ, ನೋಟೀಸ್ ಮಾಲಕರಿಗೆ ಮುಟ್ಟಬೇಕು," ಎಂದು ಹೇಳಿ ಅವರು ಇನ್ನೊಂದು ಮಾತಾಡುವ ಮೊದಲೇ ಹೊರಬಿದ್ದೆ.

ತೋಟದ ಮನೆಯ ಪಡಸಾಲೆಯಲ್ಲಿ ಮುದುಕಿ ಸಜ್ಜೆ ಹಸನು ಮಾಡುತ್ತಾ ಕೂತಿದ್ದರು. ಯೂನಿಫಾರ್ಮು ನೋಡಿದ ಕೂಡಲೇ ಮೊರ ಕೆಳಗಿಟ್ಟರು.

"ಈ ವಯಸ್ಸಿನ ತನಕ ನನ್ನ ಹೆಸರು ಯಾರೂ ಸ್ಟೇಷನ್ದಾಗ ಬರದಿಲ್ಲ. ನೀ ಯಾರವ್ವಾ ಬರ್ಯಾಕಿ?"

"ನಾ ಬರದಿಲ್ಲವ್ವ. ನಿಮ್ಮ ಗಾಡಿ ಬರಿಸೇತಿ."

"ನನ್ನ ಗಾಡಿ ಯಾವ್ದು?"

ಹೆಸರಿಗೆ ಟ್ರ್ಯಾಕ್ಟರು ಇದೆಯೆಂಬುದೇ ಅವರಿಗೆ ಸರಿಯಾಗಿ ನೆನಪಿರಲಿಲ್ಲ. ಬ್ಯಾಂಕಿನಲ್ಲಿ ಎಲ್ಲಿ ಹೆಬ್ಬೆಟ್ಟು ಒತ್ತು ಎಂದರೋ ಅಲ್ಲಿ ಒತ್ತಿ ಬಂದಿದ್ದರಂತೆ. ನಾನು ನೋಟೀಸು ಓದುತ್ತಿರುವಾಗ ಒಳಗಿನಿಂದ ಒಂದು ಹುಡುಗಿ ತಂಬಿಗೆಯಲ್ಲಿ ನೀರು ತಂದಿಟ್ಟಳು. ಗದ್ದದ ಮೇಲೆ ಬಿಳಿ ಪಟ್ಟಿ. ನಾನು ಓದುವುದನ್ನು ನಿಲ್ಲಿಸಿದೆ. ಇಷ್ಟು ದಿನ ಇವಳ ಹಿಂದಿನ ಸೀಟಿನಲ್ಲೇ ಕೂತು ಬಂದಿದ್ದೆ. ಯಾರ ಮಗಳು ಎಂದು ಒಂದು ದಿನವೂ ಕೇಳಿರಲಿಲ್ಲ. ಗದ್ದದ ಗಾಯ ಮತ್ತೆ ಬಾತಿದೆ ಎಂದು ಅವತ್ತು ಶಾಲೆಗೆ ಕಳಿಸಿರಲಿಲ್ಲವಂತೆ.

ನಾನು ಮತ್ತೇನೂ ಓದಲಿಲ್ಲ. ಫೋನು ತೆಗೆದು ಒಂದು ಫೋಟೋ ಮುದುಕಿಯ ಮುಂದೆ ಹಿಡಿದೆ. ಬಸ್ಸಿನ ಮೆಟ್ಟಿಲ ಮೇಲೆ ಬಿಳಿ ಪಟ್ಟಿಯ ಹುಡುಗಿ, ಅವಳಿಂದ ಎರಡು ಮಾರು ದೂರದಲ್ಲಿ ಕೆಂಪು ಟ್ರ್ಯಾಕ್ಟರಿನ ದೊಡ್ಡ ಗಾಲಿ, ಅದರ ಮೇಲೆ ಅವರ ಮಗ. ಅವನು ಮುಂದಿನ ಏರನ್ನೇ ನೋಡುತ್ತಿದ್ದ. ಮಗಳನ್ನು ನೋಡುತ್ತಿರಲಿಲ್ಲ.

ಮುದುಕಿ ಬಹಳ ಹೊತ್ತು ನೋಡಿದರು. ಸೆರಗಿನಿಂದ ಫೋನಿನ ಗಾಜು ಒರೆಸಿ ಮತ್ತೆ ನೋಡಿದರು.

"ಗದ್ದಕ್ಕ ಬಡದಿದ್ದು ಇವಂದ ಗಾಡಿ ಏನು?"

"ಅಲ್ರಿ. ಅದು ಯಾರದು ಅಂತ ಗೊತ್ತಾಗಿಲ್ಲ. ಇದು ಆಮ್ಯಾಗಿಂದು."

"ಅಷ್ಟಾದ ಮ್ಯಾಗೂ ಹಿಂಗ ಹೊಡದಾನು." ಅವರ ದನಿಯಲ್ಲಿ ಏರಿಳಿತವೇ ಇರಲಿಲ್ಲ. "ಟ್ರ್ಯಾಕ್ಟರ್ ಖರೇನ ನನ್ನ ಹೆಸರಿಲೆ ಐತೇನು?"

"ಐತ್ರಿ. ಇನ್ಶೂರೆನ್ಸ್ ಮುಗದೈತಿ, ಅದನ್ನೂ ಮಾಡಿಸಿಲ್ಲ."

"ಹಂಗಾರ ಒಯ್ಯಿರಿ ಅದನ್ನ. ನಾ ಹೇಳೋತನ ಕೊಡಬ್ಯಾಡ್ರಿ."

ಕೆಲಸಕ್ಕೆ ಸೇರಿದಾಗಿನಿಂದ ಗಾಡಿ ಬಿಡಿ ಎಂದವರನ್ನು ಕಂಡಿದ್ದೆನೇ ಹೊರತು ಹಿಡಿಯಿರಿ ಎಂದವರನ್ನು ಕಂಡಿರಲಿಲ್ಲ. ಅವರ ಮಾತನ್ನು ಅಲ್ಲೇ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡೆ.

ಕಬ್ಬು ತುಂಬಿದ ಗಾಡಿ ಹಿಡಿಯಬಾರದು ಎಂದು ನಮ್ಮಲ್ಲೊಂದು ಬರೆಯದ ನಿಯಮವಿದೆ. ಒಣಗಿದರೆ ತೂಕ ಇಳಿಯುತ್ತದೆ, ಊರಿಗೆ ಊರೇ ಠಾಣೆಗೆ ಬರುತ್ತದೆ. ಅದಕ್ಕೆ ಫ್ಯಾಕ್ಟರಿಯಲ್ಲಿ ಕಬ್ಬು ಇಳಿಸುವವರೆಗೆ ಕಾದು, ಖಾಲಿ ಗಾಡಿಯನ್ನು ಇನ್ಶೂರೆನ್ಸ್ ಇಲ್ಲದ ಕಾರಣಕ್ಕೆ ಹಿಡಿದು ಠಾಣೆಯ ಅಂಗಳಕ್ಕೆ ತಂದು ನಿಲ್ಲಿಸಿದೆ. ಮರುದಿನ ಅವನು ಬಂದು ಕೂಗಾಡಿದ. ಕಬ್ಬು ಕಡಿಯುವ ಗ್ಯಾಂಗು ಹೊಲದಲ್ಲಿ ಕೈ ಕಟ್ಟಿ ಕೂತಿದೆ, ನನ್ನನ್ನು ಬೇರೆ ಊರಿಗೆ ಎತ್ತಿ ಹಾಕಿಸುತ್ತೇನೆ ಎಂದ. ಬಾಯಿಗೆ ಬಂದದ್ದನ್ನೆಲ್ಲ ಅಂದ. ನಾನೂ ಅಂದೆ. ದೊಡ್ಡವರ ಫೋನು ಮತ್ತೆ ಬಂತು. ಈ ಸಲ ಸಾಹೇಬರು ಖುಷಿಯಿಂದಲೇ ಎತ್ತಿಕೊಂಡರು.

"ನಾವ್ ಒಬ್ರ ಹಿಡದಿಲ್ರಿ ಸರ್. ಮಾಲಕರ ಹಿಡೀರಿ ಅಂತ ಹೆಬ್ಬೆಟ್ಟ ಒತ್ಯಾರ. ಅವರವ್ವ ರೀ. ನೀವ ಒಂದ್ ಮಾತು ಆಕಿಗೆ ಹೇಳ್ರಿ."

ಆಮೇಲೆ ಫೋನು ಬರಲಿಲ್ಲ. ಇನ್ಶೂರೆನ್ಸ್ ಮಾಡಿಸಿ ತಂದ ಮೇಲೂ ಗಾಡಿ ಬಿಡಿಸಲು ಅವನಿಗೆ ಅವ್ವನ ಹೆಬ್ಬೆಟ್ಟು ಬೇಕಿತ್ತು. ಮುದುಕಿ ಎರಡು ದಿನ ಕೊಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಸರ್ಕಾರಿ ಬಸ್ಸು ಹಿಡಿದು ಒಬ್ಬರೇ ಠಾಣೆಗೆ ಬಂದು ನನ್ನ ಮೇಜಿನ ಮುಂದೆ ಕೂತರು.

"ನಾ ಸಾಲಿ ಬಸ್ಸಿನ್ಯಾಗ ಮೊಮ್ಮಗಳ ಜೋಡಿ ಮನಿಗೆ ಹೋಗ್ತೀನಿ. ಅಲ್ಲಿ ಇಳಿದು ನೋಡ್ತೀನಿ. ನೋಡಿ ಆಮ್ಯಾಗ ಹೆಬ್ಬೆಟ್ಟ ಒತ್ತತೀನಿ."

ಮುಖ್ಯಾಧ್ಯಾಪಕಿಗೆ ಫೋನ್ ಮಾಡಿದೆ. ಅವರು ಒಪ್ಪಿದರು, ಆದರೆ ನಾಳೆ ಗಡುವಿನ ಕೊನೆಯ ದಿನ ಎಂದು ನೆನಪಿಸುವುದನ್ನು ಬಿಡಲಿಲ್ಲ. ನಾನು ಕಾಗದ, ಶಾಯಿ ಪ್ಯಾಡು ಚೀಲಕ್ಕೆ ಹಾಕಿಕೊಂಡು ಜೊತೆಗೆ ಹತ್ತಿದೆ. ಮುದುಕಿ ಮೊಮ್ಮಗಳ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ನನ್ನ ಕಡೆ ತಿರುಗಿ ನೋಡಲಿಲ್ಲ. ನನ್ನ ಮೇಲಿನ ಸಿಟ್ಟು ಅವರಿಗೆ ಇಳಿದಿರಲಿಲ್ಲ.

ಸೇತುವೆ ಬಂತು. ರಸ್ತೆಯ ಆಚೆ ಬದಿಗೆ ಅವನು ಬೈಕು ನಿಲ್ಲಿಸಿಕೊಂಡು ಕಾಯುತ್ತಿದ್ದ. ಅವ್ವ ಇಳಿದ ಕೂಡಲೇ ಹೆಬ್ಬೆಟ್ಟು ಒತ್ತಿಸಿಕೊಂಡು ಗಾಡಿ ತರಲು ಹೋಗುವವನು. ಬಸ್ಸು ನಿಂತಿತು, ದೀಪ ಮಿನುಗಿದವು. ಉಳಿದ ಮಕ್ಕಳು ಬಾಗಿಲ ಹತ್ತಿರ ಗುಂಪಾದರು. ಮುದುಕಿ ಮೊದಲು ಇಳಿದು, ಮೊಮ್ಮಗಳ ಕೈ ಹಿಡಿದು, ಬಸ್ಸಿನ ಮುಂದಿನಿಂದ ರಸ್ತೆಗೆ ಕಾಲಿಟ್ಟರು. ಹಿಂದಿನಿಂದ ಹಾಡಿನ ಸದ್ದು ಬಂತು.

ಹುಡುಗಿ ಅಜ್ಜಿಯ ಸೆರಗು ಹಿಡಿದು ಹಿಂದಕ್ಕೆ ಎಳೆದಳು. ಗಾಬರಿಯಿಂದಲ್ಲ, ದಿನಾ ಮಾಡುವ ಕೆಲಸವನ್ನು ಮಾಡಿದಂತೆ.

"ಆಯಿ, ತಡಿ. ಒಂದ್ ಟ್ರೇಲರ್ ಹೋದ ಮ್ಯಾಗ ಇನ್ನೊಂದ್ ಇರತೈತಿ."

ಟ್ರ್ಯಾಕ್ಟರು ಬಸ್ಸಿಗೆ ಒರೆಸಿಕೊಂಡೇ ಹೋಯಿತು. ಕಬ್ಬಿನ ಗರಿ ಮುದುಕಿಯ ಮುಖಕ್ಕೆ ಸವರಿತು. ಅವರು ಕಣ್ಣು ಮುಚ್ಚಿ ಬಸ್ಸಿನ ಬಂಪರಿಗೆ ಆತು ನಿಂತರು. ಆಚೆ ಬದಿಯಿಂದ ಅವನು, "ಯವ್ವಾ" ಎಂದು ಕೂಗಿದ್ದು ಕೇಳಿಸಿತು. ನಡುವೆ ಎರಡು ಟ್ರೇಲರ್ ಹಾಯುತ್ತಿದ್ದವು, ಅವನಿಗೆ ಏನೂ ಕಾಣುತ್ತಿರಲಿಲ್ಲ. ಕೂಗುವುದನ್ನು ಬಿಟ್ಟು ಅವನ ಕೈಯಲ್ಲಿ ಮಾಡುವುದು ಏನೂ ಇರಲಿಲ್ಲ. ಎರಡನೆಯ ಟ್ರೇಲರ್ ಸರಿದಾಗ ನೋಡಿದರೆ ರಸ್ತೆಯ ನಡುವೆಯೇ ನಿಂತಿದ್ದ. ಒಂದು ಕಾಲಿನ ಚಪ್ಪಲಿ ಹಿಂದೆ ಬಿದ್ದಿತ್ತು.

ಓಡಿಬಂದು ಮೊದಲು ಮಗಳನ್ನು ಮುಟ್ಟಿ ನೋಡಿದ, ಆಮೇಲೆ ಅವ್ವನನ್ನು. ಆಮೇಲೆ ನನ್ನ ಮೇಲೆ ಹರಿಹಾಯ್ದ.

"ಬಸ್ ಇಲ್ಲಿ ಯಾಕ ನಿಂದರ್ಸ್ತೀರಿ ನೀವು? ಏರಿನ್ಯಾಗ ಯಾವ ಲೋಡ್ ಗಾಡಿ ನಿಂತೀತು? ಅಲ್ಲಿ ಹಿಂದ ಬೇವಿನ ಗಿಡದ ಹತ್ರ ಸಪಾಟ ಐತಿ, ಅಲ್ಲಿ ನಿಂದರ್ಸಾಕ ಏನ್ ರೋಗ? ಅಲ್ಲಿ ಯಾವನರೆ ನಿಲ್ಲಂಗಿಲ್ಲ ಅನ್ಲಿ, ನಾ ನಿಂತು ನಿಂದರ್ಸ್ತೀನಿ."

ಇಷ್ಟು ದಿನ ಸಾಹೇಬರಿಗಾಗಲಿ, ಮುಖ್ಯಾಧ್ಯಾಪಕಿಗಾಗಲಿ, ಆ ದಾರಿಯನ್ನೇ ಅರೆದು ಕುಡಿದ ಡ್ರೈವರಣ್ಣನಿಗಾಗಲಿ, ನನಗಾಗಲಿ ಅದು ಹೊಳೆದಿರಲಿಲ್ಲ. ಅವನು ಠಾಣೆಯಲ್ಲಿ ಏರು ಎಂದಾಗಲೇ ನಾನು ಕಿವಿ ಕೊಟ್ಟು ಕೇಳಬೇಕಿತ್ತು. ಕೇಳಿರಲಿಲ್ಲ, ಅವನ ಮುಖ ನೋಡಿಯೇ ಸಿಟ್ಟಾಗಿದ್ದೆ. ಆದರೂ ಅವನೆದುರು ಅದನ್ನು ಒಪ್ಪಿಕೊಳ್ಳುವ ಮನಸ್ಸು ನನಗಾಗಲಿಲ್ಲ. "ನಾಳಿಂದ ಬೇವಿನ ಗಿಡದ ಹತ್ರ ನಿಂದರ್ಸು," ಎಂದು ಡ್ರೈವರಣ್ಣನಿಗೆ ಹೇಳಿದೆ. ಅಲ್ಲೇ ನಿಂತು ಮುಖ್ಯಾಧ್ಯಾಪಕಿಗೂ ಫೋನ್ ಮಾಡಿ ತಿಳಿಸಿದೆ. ಅವರು, ಗಡುವು ಬಿಡುತ್ತೇನೆ, ಬಸ್ಸು ನಿಲ್ಲುತ್ತದೆ, ಆದರೆ ಅಲ್ಲಿ ದಿನಾ ಒಬ್ಬರು ನಿಲ್ಲಬೇಕು ಎಂದರು. ಅವನ ಕಡೆ ನೋಡಿದೆ. ಅವನು ಬೇರೆ ಕಡೆ ನೋಡುತ್ತಾ ತಲೆಯಾಡಿಸಿದ.

ಮುದುಕಿ ಸೇತುವೆಯ ಕಟ್ಟೆಯ ಮೇಲೆ ಕೂತಿದ್ದರು. ನಾನು ಕಾಗದ ಬಿಚ್ಚಿ ಶಾಯಿ ಪ್ಯಾಡು ಮುಂದಿಟ್ಟೆ. ಅವರು ಹೆಬ್ಬೆಟ್ಟು ಒತ್ತಿ, ಬೆರಳನ್ನು ಮಗನ ಅಂಗಿಗೆ ಒರೆಸಿದರು. ನಾನು ಕಾಗದ ಕೈಗೆ ಕೊಟ್ಟರೂ ಅವನು ಹೊರಡಲಿಲ್ಲ.

"ಈಗ ಹೋದ ಗಾಡಿ ನಂಬರ್ ಹಿಡಿದ್ರಿ ಇಲ್ಲೊ?" ಎಂದ.

"ಹಿಡದೀನಿ. ಫೋಟೋನೂ ಐತಿ."

"ಕೇಸ್ ಹಾಕ್ರಿ. ಬಿಡಬ್ಯಾಡ್ರಿ ಆ ಮಗನ್ನ."

"ಹಾಕ್ತೀನಿ. ಆದ್ರ ಗಾಡಿ ಅವನ ಹೆಸರಿಲೆ ಇರಲಿಕ್ಕಿಲ್ಲ."

ಮುದುಕಿ ಮೊಮ್ಮಗಳ ಹೆಗಲು ಹಿಡಿದುಕೊಂಡು ಎದ್ದು ನಿಂತರು.

"ಹೊಡ್ಯಾಂವನ್ನ ನಾ ನೋಡೀನಿ. ಅವರವ್ವನ ಹೆಸರಿಲೆ ಐತಿ. ಆಕಿ ನನ್ನ ಗುರ್ತಿನಾಕಿ," ಎಂದರು. "ನಾಳೆ ಆ ಫೋಟೋ ತೊಗೊಂಡು ಬಾರವ್ವಾ. ಇಬ್ರೂ ಕೂಡೇ ಹೋಗೂಣು."